ಮಾಮಾನ ಎರೆಭೂತ

ಓದುಗರಿಗೆ ನಮಸ್ಕಾರ. ದೊಡ್ಡವನಾದ ಮೇಲೆ ಶಾಲೆ ಕಲಿತವನು ನಾನು. ಒಂದೊಂದೇ ಅಕ್ಷರ ಹುಡುಕಿ ಒತ್ತುತ್ತಿದ್ದೇನೆ. ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ.

ನಮ್ಮ ಸೋದರಮಾವನ ಕೈಚೀಲದಲ್ಲಿ ಭೂತದ ಪುಕ್ಕಗಳಿರುತ್ತವೆ. ಸುಳ್ಳಲ್ಲ! ರಾಣೆಬೆನ್ನೂರಿನ ಹುಲ್ಲುಗಾವಲಿನಲ್ಲಿ ಎರೆಭೂತ ಎಂಬ ಎತ್ತರದ ಹಕ್ಕಿಯಿದೆ. ಎದುರಿಗೇ ನಿಂತಿರುತ್ತದೆ, ಕಣ್ಣು ಮಿಟುಕಿಸಿದರೆ ಬರೀ ಹುಲ್ಲು. ಹೆಸರಿಟ್ಟವರು ಎಷ್ಟು ಹೆದರಿದ್ದರೋ!

ಒಮ್ಮೆ ಬ್ಯಾಡಗಿ ಬಸ್ಸಿನಲ್ಲಿ ಮಾಮಾ, "ಚೀಲಾ ತುಳೀಬ್ಯಾಡ್ರಿ, ಒಳಗ ಎರಿಭೂತ ಐತಿ" ಎಂದು ಕೂಗಿದರು. ಪಕ್ಕದ ಸೀಟು ತಾನಾಗಿ ಖಾಲಿಯಾಯಿತು. ಕಂಡಕ್ಟರ್ ದೂರದಿಂದಲೇ ಕೇಳಿದ: "ಯಜಮಾನ್ರ, ಭೂತಕ್ಕ ಅರ್ಧಾ ಟಿಕೀಟು ಹರೀಲೇನ್ರಿ?"

ಉದುರಿದ ಪುಕ್ಕ ಆರಿಸಿ ಕೊಡಿ ಎಂದು ಮಾಮಾನನ್ನು ಕೇಳಿದವರು ಹಕ್ಕಿಗಳ ರಕ್ತಸಂಬಂಧ ಪರೀಕ್ಷಿಸುವ ಮೇಡಂ ಒಬ್ಬರು. ಎಲ್ಲ ಪುಕ್ಕಗಳೂ ಒಂದೇ ಮನೆತನದವು, ಹೊರಗಿನ ರಕ್ತ ಬರದಿದ್ದರೆ ವಂಶ ಸೊರಗುತ್ತದೆ ಎಂದರು. ಬೀಜದ ಹೊಲಗಳಲ್ಲಿ ಒಂದು ತಳಿಯ ಪರಾಗ ಇನ್ನೊಂದರ ಹೂವಿಗೆ ಮುಟ್ಟಿಸುವ ಕ್ರಾಸಿಂಗ್ ಮಾಡಿಸಿಯೇ ಮುದುಕರಾದ ಮಾಮಾಗೆ ಅದು ಥಟ್ಟನೆ ತಿಳಿಯಿತು.

"ಇದು ನಡುಗಡ್ಡಿ ಐತೋ ಅಳಿಯಾ."

"ನೀರ ಎಲ್ಲೈತ್ರಿ ಮಾಮಾ?"

"ಸುತ್ತ ಗೊಂಜಾಳದ ಹೊಲ, ಹತ್ತಿ ಹೊಲ, ನೀಲಗಿರಿ ತೋಪು. ಹಕ್ಕಿಗೆ ಇದ ಸಮುದ್ರ. ದಾಟಿ ಯಾವ ಗಂಡು ಬರ್ತೈತಿ?"

ಅಲ್ಲಿಂದ ಮಾಮಾನ ತಲೆ ಕೆಟ್ಟಿತು ನೋಡಿ! ಕದರಮಂಡಲಗಿಯಲ್ಲಿ ನಮ್ಮವರದೇ ಒಂದು ಸೋದರಿಕೆಯ ಮದುವೆ. ಮಾಮಾ ಅಕ್ಷತೆ ಕೈಯಲ್ಲಿ ಹಿಡಿದೇ ಎದ್ದು, "ಒಳಗೊಳಗ ಕೊಟ್ಟು ತಗೋಬ್ಯಾಡ್ರಿ! ಎರಿಭೂತ ನೋಡಿ ಕಲೀರಿ!" ಎಂದರು. ಬೀಗರು ಕಕ್ಕಾಬಿಕ್ಕಿ. ಅತ್ತೆ ಅಂಗಿ ಜಗ್ಗಿ ಕೂರಿಸಿದರು: "ಈ ಬುದ್ಧಿ ನನ್ನ ಕಟ್ಟಿಕೊಳ್ಳೂವಾಗ ಎಲ್ಲಿ ಹೋಗಿತ್ರಿ? ನಾ ನಿಮ್ಮ ಸ್ವಾದರತ್ತಿ ಮಗಳಲ್ಲೇನು?"

ಮುಂಗಾರು ಶುರುವಾದಾಗ ಹುಲ್ಲುಗಾವಲಿನಿಂದ ಸಂಜೆಹೊತ್ತು ಒಂದು ಸದ್ದು ಏಳತೊಡಗಿತು. "ಹೂಂ…" ಕಾಳು ತುಂಬಿಡುವ ನೆಲದೊಳಗಿನ ಖಾಲಿ ಹಗೇವಿನ ತಳದಲ್ಲಿ ಕೂತು ಯಾರೋ ಹೂಂಗುಟ್ಟಿದಂತೆ. ಕಿವಿಗಿಂತ ಮೊದಲು ಅಂಗಾಲಿಗೆ ತಟ್ಟುತ್ತಿತ್ತು. ಕುರಿ ಕಾಯುವವರು ಆ ಕಡೆ ಹೋಗುವುದನ್ನೇ ಬಿಟ್ಟರು. ಮಾಮಾ ನೋಡಿದರೆ ಮನೆಯಲ್ಲಿಲ್ಲ. "ನೋಡಿ ಬಾರಪ್ಪಾ" ಎಂದು ಅತ್ತೆ ನನ್ನನ್ನು ಅಟ್ಟಿದರು.

ಹೋದೆ. ಹುಲ್ಲಿನ ನಡುವೆ ಒಂದು ಆಕಾರ ಬೆನ್ನು ಮಾಡಿ ಕೂತಿತ್ತು. ಅದಕ್ಕೆ ತಲೆಯಿರಲಿಲ್ಲ! ತಲೆಯಿರಬೇಕಾದಲ್ಲಿ ಗಡಿಗೆ. ಗಡಿಗೆಯೇ "ಹೂಂ…" ಎಂದಿತು.

ಗಡಿಗೆ ಇಳಿಯಿತು. ಒಳಗಿಂದ ಮಾಮಾನ ಮುಖ ಬಂತು.

"ಸುಮ್ನ ಕುಂದ್ರು. ಆಕಿ ಕೇಳಾಕತ್ತಾಳ."

ದೂರದಲ್ಲಿ ಒಂಟಿ ಹೆಣ್ಣು ಹಕ್ಕಿ ಕತ್ತೆತ್ತಿ ನಿಂತಿತ್ತು. ಗಂಡು ಹೀಗೇ ಹೂಂಗುಟ್ಟಿ ಕರೆಯುತ್ತದಂತೆ. ಇಲ್ಲಿ ಗಂಡು ಉಳಿದಿಲ್ಲ.

"ಇದು ಮೋಸ ಅಲ್ಲೇನ್ರಿ ಮಾಮಾ?"

ಮಾಮಾ ಗಡಿಗೆಯ ಬಾಯಿ ಸವರಿದರು. "ಹೌದೋ. ಆದ್ರ ಯಾರೂ ಕರೀಲೇ ಇಲ್ಲಂದ್ರ, ಖರೇ ಗಂಡು ಬಂದು ಕರದ ದಿವಸ ಆಕಿಗೆ ಗುರ್ತ ಹ್ಯಾಂಗ ಸಿಗಬೇಕು?"

ಮತ್ತೆ ಹೂಂಗುಟ್ಟಿದರು. ಹಕ್ಕಿ ನಮ್ಮತ್ತ ನಡೆದು ಬಂತು. ಮನುಷ್ಯರನ್ನು ಕಂಡು ನಿಂತಿತು. ಹಾರಲಿಲ್ಲ.

ಓದುಗರೇ, ಗದಗಿನ ಕಡೆಯೋ ಬಳ್ಳಾರಿಯ ಕಡೆಯೋ, ನಿಮ್ಮೂರ ಎರೆಹೊಲದಲ್ಲಿ ಇಂಥ ದನಿ ಕೇಳಿದ್ದರೆ ದಯವಿಟ್ಟು ಬರೆದು ತಿಳಿಸಿರಿ. ನಾವು ಹೆಣ್ಣಿನ ಕಡೆಯವರು.