ಒಂದು ಬಟನ್ ಸೆಲ್ಲಿಗೆ ನಾಲ್ಕು ತಾಲ್ಲೂಕು

ಹಳೇ ಫಿಲಂ ಕ್ಯಾಮೆರಾಗಳಿಗೆ ಜೀವ ಕೊಡುವುದರಲ್ಲಿ ನನ್ನನ್ನು ಮೀರಿಸುವವನು ಈ ದೇಶದಲ್ಲಿಲ್ಲ. ಜಪಾನಿನ ಎಂಜಿನಿಯರುಗಳು ಫೋನ್ ಮಾಡಿ ನನ್ನ ಸಲಹೆ ಕೇಳುತ್ತಾರೆ. ಸುಳ್ಳು. ನನಗೆ ಫೋನ್ ಮಾಡುವುದು ನನ್ನ ಹೆಂಡತಿ, ಅದೂ "ಎಲ್ಲಿ ಹಾಳಾಗಿ ಹೋಗಿದ್ದೀರಿ?" ಅಂತ ಕೇಳುವುದಕ್ಕೆ. ಆದರೆ ಟೀ ಕುಡಿಯುತ್ತಾ ಕೇಳಿ ಸ್ವಾಮೀ, ಇನ್ನು ಮುಂದೆ ಹೇಳುವುದೆಲ್ಲ ನಿಜ. ಮುಕ್ಕಾಲು ಪಾಲು. ಒಂದು ಕಡೆ ಕೂತರೆ ಕಾಲು ತಾನಾಗಿ ಕುಣಿಯುವ ಮನುಷ್ಯ ನಾನು. ಇಂಥವನಿಗೆ ಇಂಥವು ಆಗುತ್ತಲೇ ಇರುತ್ತವೆ.

ಶಿರಾದಲ್ಲಿ ಸ್ಟುಡಿಯೊ ಸಾಹೇಬರು ಅಂತ ನನ್ನ ಸ್ನೇಹಿತರು. ವಯಸ್ಸು ಎಪ್ಪತ್ತು ದಾಟಿದೆ, ಕಿವಿ ಹಿಂದೆ ಮಷೀನು ಬಂದಿದೆ. ದಿನಾ ಅವರ ಮೇಜಿನ ಎದುರು ಕೂತು ಹರಟುವುದೇ ನನ್ನ ಕಸುಬು. ನಾನು ಬಾಯಿ ತೆರೆದ ಕೂಡಲೇ ಅವರ ಕೈ ಕಿವಿ ಹಿಂದಕ್ಕೆ ಹೋಗುತ್ತಿತ್ತು. ಸರಿಯಾಗಿ ಕೇಳಿಸಲಿ ಅಂತ ಜೋರು ಮಾಡಿಕೊಳ್ಳುತ್ತಾರೆ ಎಂದುಕೊಂಡಿದ್ದೆ.

ಒಂದು ಬುಧವಾರ ಅವರು ತಮ್ಮ ಹಳೇ ಕ್ಯಾಮೆರಾವನ್ನು ಕೂಸನ್ನು ಕೊಡುವ ಹಾಗೆ ನನ್ನ ಕೈಗಿಟ್ಟರು. "ಭಾನುವಾರ ಮೊಮ್ಮಗಳ ನಿಕಾಹ್, ಭಾಯಿ. ಅವಳಪ್ಪನ ನಿಕಾಹ್ ಫೋಟೊ ಇದರಲ್ಲೇ ತೆಗೆದಿದ್ದೆ. ಇವಳದ್ದೂ ಒಂದಾದರೂ ಇದರಲ್ಲೇ ತೆಗೀಬೇಕು. ಆದರೆ ಬೆಳಕು ಅಳೆಯೋ ಮುಳ್ಳು ಮಲಗಿಬಿಟ್ಟಿದೆ. ನನ್ನ ಕಣ್ಣಿನ ಅಂದಾಜು ಈಗ ನಂಬೋ ಹಾಗಿಲ್ಲ."

ಮುಳ್ಳು ಏಳಬೇಕಾದರೆ ಒಂದು ಬಟನ್ ಸೆಲ್ಲು ಬೇಕು. ಅದರೊಳಗೆ ಪಾದರಸ ಇತ್ತು ಅಂತ ಆ ಸೆಲ್ಲು ಮಾಡುವುದನ್ನೇ ನಿಲ್ಲಿಸಿ ಯಾವ ಕಾಲವೋ ಆಯಿತು.

"ನಾನ್ ತತ್ತೀನಿ ಬುಡಿ ಸಾಬ್ರೇ" ಅಂದವನೇ ಬೈಕು ಹತ್ತಿದೆ.

ಮಧುಗಿರಿ: ಡ್ರಾಯರಿನೊಳಗಿನ ಬಿಸಿಲು

ವಾಚ್ ರಿಪೇರಿಯವನು ಕಣ್ಣಿಗೆ ಮಸೂರ ಸಿಕ್ಕಿಸಿಕೊಂಡು ನೋಡಿದ. "ಇದೇನ್ ಮಹಾ" ಅಂತ ಅದೇ ಅಳತೆಯ ಹೊಸ ಸೆಲ್ಲು ಹಾಕಿದ. ಮುಳ್ಳು ಚಂಗನೆ ಎದ್ದು ತುದಿ ಮುಟ್ಟಿತು. ನಾನು ಕುಣಿದೆ. ಆಮೇಲೆ ಕ್ಯಾಮೆರಾವನ್ನು ನೆರಳಿಗೆ ಹಿಡಿದೆವು. ಮುಳ್ಳು ಇಳಿಯಲಿಲ್ಲ. ಮೇಜಿನ ಡ್ರಾಯರಿನೊಳಗಿಟ್ಟು ಸಂದಿಯಿಂದ ಇಣುಕಿದೆವು. ಅಲ್ಲೂ ಉರಿಬಿಸಿಲು ಅನ್ನುತ್ತಿತ್ತು! ಹಳೇ ಸೆಲ್ಲಿಗಿಂತ ಇದರ ಶಕ್ತಿ ಒಂದು ಚೂರು ಜಾಸ್ತಿ, ಅದಕ್ಕೇ ಈ ಅಮಲು.

"ನಿನ್ ಸೆಲ್ಲು ಸರಿ ಇಲ್ಲ ಕಣಯ್ಯಾ" ಅಂದೆ.

"ಸೆಲ್ಲು ಸರಿಯಾಗೇ ಐತೆ ಕಣಣ್ಣ. ಕ್ಯಾಮೆರಾ ನಿನ್ ಜತೆ ಬೈಕಲ್ಲಿ ಬಂದೈತಲ್ಲ, ಸುಳ್ ಹೇಳೋದ್ ಕಲ್ತ್ಕಂಡೈತೆ."

ಕೊರಟಗೆರೆ: ಜಗಲಿ ಮೇಲಿನ ಯುದ್ಧ

ತೋವಿನಕೆರೆಯಲ್ಲಿ ಮೊದಲು ಫೋಟೊ ತೆಗೆಯುತ್ತಿದ್ದವನೊಬ್ಬನ ಮನೆಯಲ್ಲಿ ಹಳೇ ಸೆಲ್ಲುಗಳ ಡಬ್ಬಿಯೇ ಇದೆ ಅಂತ ಸುದ್ದಿ ಸಿಕ್ಕಿತು. ಹೋದರೆ ಅವನು ಹೊಲಕ್ಕೆ ಹೋಗಿದ್ದ. ಜಗಲಿ ಮೇಲೆ ಅವನ ಅಮ್ಮ, ಪಕ್ಕದ ಮನೆ ಅಜ್ಜಿಯ ಜೊತೆ ಚೌಕಾಬಾರ ಆಡುತ್ತಿದ್ದರು. ಕಾಯಿಗಳು ಬೆಳ್ಳಿ ಹಾಗೆ ಹೊಳೆಯುತ್ತಿದ್ದವು. ಬಗ್ಗಿ ನೋಡಿದೆ. ನಾನು ಹುಡುಕಿಕೊಂಡು ಬಂದ ಸೆಲ್ಲುಗಳೇ!

"ಅಜ್ಜೀ, ಒಂದು ಕೊಡಿ" ಅಂತ ಕೈ ಹಾಕಿದೆ. ಅವನ ಅಮ್ಮ ನನ್ನ ಕೈಗೆ ಪಟ್ಟನೆ ಹೊಡೆದರು.

"ಆಟದ್ ಮಧ್ಯೆ ಕಾಯಿ ಎತ್ತಾರೇನ್ಲಾ? ಕೂತ್ಕ. ನೀನೂ ಆಡು. ಗೆದ್ರೆ ತಗಂಡೋಗು."

ಕೂತೆ. ನನ್ನ ಕಾಯಿ ಹುಣಸೆ ಬೀಜ. ಕಾಲು ಸುಮ್ಮನಿರಲಿಲ್ಲ.

"ಕಾಲ್ ಆಡಿಸ್ಬ್ಯಾಡ ಕಣ್ಲಾ, ಕವಡೆ ಹೊಳ್ಳಾಡ್ತವೆ" ಅಂತ ಪಕ್ಕದ ಮನೆ ಅಜ್ಜಿ ಗದರಿದರು.

ಎರಡು ಗಂಟೆ ಆಡಿ ಸೋತೆ. ಕೊನೆಗೆ ಅಮ್ಮನೇ ಕನಿಕರಪಟ್ಟು ಒಂದು ಸೆಲ್ಲು ಕೈಗೆ ಹಾಕಿದರು. ಕ್ಯಾಮೆರಾಗೆ ಹಾಕಿದರೆ ಮುಳ್ಳು ಅಲುಗಲೇ ಇಲ್ಲ.

"ಅಮ್ಮಾ, ಇದು ಸತ್ತು ಇಪ್ಪತ್ತು ವರ್ಷ ಆಗಿರಬೇಕು."

"ಸತ್ತಿದ್ರೇನ್ಲಾ? ನಿನ್ ಮೂರು ಕಾಯಿ ಕಡೀಲಿಲ್ವಾ?"

ಸಾಹೇಬರಿಗೆ ಫೋನಿನಲ್ಲಿ ಸೋಲು ಒಪ್ಪಿಸಿದೆ. ಅವರ ದನಿ ಯಾಕೋ ಬಹಳ ಪ್ರಸನ್ನವಾಗಿತ್ತು. "ಆತುರ ಇಲ್ಲ ಭಾಯಿ. ಪಾವಗಡ ಇನ್ನೂ ನೋಡಿಲ್ಲವಲ್ಲ ನೀನು?"

ಪಾವಗಡ: ಅರ್ಧ ಗಳಿಗೆಯ ಕಿವುಡ

ಬಲಸಮುದ್ರದ ದಾರಿಯಲ್ಲಿ ಕಣ್ಣು ಹಾಯಿಸಿದಷ್ಟೂ ಸೋಲಾರ್ ಹಲಗೆ. ಊರೂರಿಗೆ ಕರೆಂಟು ಕಳಿಸುವ ಸೀಮೆ, ನನಗೆ ಬೇಕಾದ ಚಿಟಿಕೆ ಕರೆಂಟು ಮಾತ್ರ ಇಲ್ಲ. ಟೀ ಅಂಗಡಿಯಲ್ಲಿ ಸೋಲಾರ್ ಕೆಲಸದವನೊಬ್ಬ ಕ್ಯಾಮೆರಾ ತಿರುಗಿಸಿ ನೋಡಿ, "ಕಿವಿ ಮಿಷನ್ ಸೆಲ್ಲು ಹಾಕಿ ಸೂಡಣ್ಣಾ. ದಾನಿ ಶಕ್ತಿ ಹಳೇದಕ್ಕೆ ದಗ್ಗರ ಬರ್ತದೆ" ಅಂದ. ಗಡಿಸೀಮೆಯ ತೆಲುಗು ಬೆರೆತ ಮಾತು; ಹಾಕಿ ನೋಡು, ಅದರ ಶಕ್ತಿ ಹಳೇದಕ್ಕೆ ಹತ್ತಿರ ಅಂತ ಅರ್ಥ.

ಮೆಡಿಕಲ್ ಶಾಪಿಗೆ ಹೋದೆ. ಕ್ಯಾಮೆರಾಕ್ಕೆ ಅಂದರೆ ನಗುತ್ತಾರೆ ಅಂತ ನಾನೇ ಕಿವುಡನಾದೆ.

"ಯಾರಿಗೆ ಸಾರ್?"

"ಆಂ?"

"ಎವರಿಕಿ ಸಾರ್?"

"ಆಂ?"

ಅಂಗಡಿಯವನು ಸೆಲ್ಲು ತಂದಿಟ್ಟ. "ಇದಕ್ಕೆ ಒಂದೇ ಒಂದು ಜಾಗ್ರತೆ ಸಾರ್..."

"ಆಂ?"

ಪಾಪ, ಗಲ್ಲಾದ ಮೇಲೆ ಬಗ್ಗಿ, ಎರಡು ಕೈಯನ್ನೂ ನನ್ನ ಕಿವಿಗೆ ಕಹಳೆಯ ಹಾಗೆ ಹಿಡಿದ. ಔಷಧಿಗೆ ಬಂದವರೆಲ್ಲ ಮರುಕದಿಂದ ನೋಡುತ್ತಿದ್ದರು. ಅವನು ಕೂಗಲು ಉಸಿರು ಎಳೆದುಕೊಂಡ. ಅಷ್ಟರಲ್ಲಿ ಜೇಬಿನಲ್ಲಿ ಫೋನು ಮೆಲ್ಲಗೆ ಗುಂಯ್ ಅಂದಿತು.

"ಹಲೋ" ಅಂದುಬಿಟ್ಟೆ.

ಆ ಒಂದೇ ಒಂದು ಜಾಗ್ರತೆ ಅವನ ಬಾಯಲ್ಲೇ ಉಳಿಯಿತು. ದುಡ್ಡು ಗಲ್ಲಾದ ಮೇಲೆಸೆದು, ಸೆಲ್ಲು ಎತ್ತಿಕೊಂಡು ಓಡಿದೆ. ಕೇಳಲು ನಿಂತಿದ್ದರೆ ನಿಜವಾಗಿಯೂ ಕಿವುಡನಾಗುವಂತೆ ಬಾರಿಸುತ್ತಿದ್ದ.

ಶಿರಾ: ಮುಳ್ಳು ಎದ್ದದ್ದು

ಸೆಲ್ಲು ಗೂಡಿಗಿಂತ ಚಿಕ್ಕದು, ಲೊಡಲೊಡ ಅನ್ನುತ್ತಿತ್ತು. ಅದರ ಸ್ಟಿಕ್ಕರ್ ಕಿತ್ತು, ಕರೆಂಟಿನವರ ಕಪ್ಪು ಟೇಪನ್ನು ಮೇಲೆ ಕೆಳಗೆ ಬಿಗಿಯಾಗಿ ಸುತ್ತಿ ಕೂರಿಸಿದೆ. ಭಾನುವಾರ ಶಾದಿಮಹಲಿನಲ್ಲಿ, ಗೆದ್ದು ಬಂದವನ ಹಾಗೆ ಕ್ಯಾಮೆರಾ ಒಪ್ಪಿಸಿದೆ. ಮುಳ್ಳು ಮಲಗಿಯೇ ಇತ್ತು. ಸಾಹೇಬರು ಸೆಲ್ಲು ತೆಗೆದು ನೋಡಿ ಹಣೆ ಚಚ್ಚಿಕೊಂಡರು.

"ಅರೇ ಭಾಯಿ! ಈ ಸೆಲ್ಲು ಗಾಳಿ ಕುಡಿದು ಬದುಕೋದು. ನೀನು ಮೂಗು ಬಾಯಿ ಎಲ್ಲಾ ಕಟ್ಟಿ ತಂದಿದ್ದೀಯಲ್ಲೋ!"

ನಿಕಾಹ್ ಮುಗಿದಿತ್ತು. ಮದುಮಗಳು ಕೂತು ಕಾಯುತ್ತಿದ್ದಳು. ಗಂಡಿನ ಕಡೆಯವರು ಊಟಕ್ಕೆ ಅವಸರ ಮಾಡುತ್ತಿದ್ದರು. ಟೇಪು ಕಿತ್ತರೂ ಅದರ ಅಂಟು ಸೆಲ್ಲಿನ ತೂತುಗಳಲ್ಲೇ ಕೂತಿತ್ತು; ಇದ್ದ ಒಂದು ಸೆಲ್ಲಿನ ಉಸಿರನ್ನು ನಾನೇ ನಿಲ್ಲಿಸಿದ್ದೆ. ನನಗೆ ನಿಂತಲ್ಲಿ ನಿಲ್ಲಲಾಗಲಿಲ್ಲ.

ಸಾಹೇಬರ ಕೈ ನಿಧಾನವಾಗಿ ಕಿವಿ ಹಿಂದಕ್ಕೆ ಹೋಯಿತು. ಮಷೀನು ಬಿಚ್ಚಿದರು. ಅದರೊಳಗಿನ ಸೆಲ್ಲು ತೆಗೆದರು. ಜೇಬಿನಿಂದ ಅಳತೆಗೆ ಕತ್ತರಿಸಿಟ್ಟಿದ್ದ ನಲ್ಲಿ ವಾಷರ್ ತೆಗೆದು, ಅದರ ನಡುವೆ ಸೆಲ್ಲು ಕೂರಿಸಿ ಗೂಡಿಗೆ ಹಾಕಿದರು. ಮುಳ್ಳು ಸಲಾಮು ಹೊಡೆಯುವ ಹಾಗೆ ಎದ್ದಿತು.

"ಸಾಬ್, ಬಲಕ್ಕೆ!" "ಅರೇ, ದುಪಟ್ಟಾ ಸರಿ ಮಾಡಿ!" "ನಮ್ಮನ್ನೂ ಸೇರಿಸ್ರೀ!" ಅಂತ ನೆಂಟರೆಲ್ಲ ಕೂಗಿದರು. ಸಾಹೇಬರಿಗೆ ಒಂದೂ ಕೇಳಿಸಲಿಲ್ಲ. ನೆಮ್ಮದಿಯಾಗಿ ನಗುತ್ತಾ ಮೊಮ್ಮಗಳನ್ನು ಮಾತ್ರ ನೋಡಿ ಕ್ಲಿಕ್ ಮಾಡಿದರು.

"ಸೆಲ್ಲು ನಿಮ್ ಕಿವಿಯಲ್ಲೇ ಇತ್ತು, ವಾಷರ್ ಜೇಬಲ್ಲೇ ಇತ್ತು. ನನ್ನನ್ಯಾಕೆ ಊರೂರು ಸುತ್ತಿಸಿದ್ರಿ?" ಅಂತ ಕೂಗಿದೆ.

"ಬಿರಿಯಾನಿ ಒಳಗಿದೆ, ಹೋಗು" ಅಂದರು.

ಮದುಮಗಳು ನಗು ತಡೆಯಲಾರದೆ ಪಕ್ಕದಲ್ಲಿದ್ದ ಆಲ್ಬಂ ತೆರೆದಳು. ಅವಳು ಹುಟ್ಟಿದಾಗಿನಿಂದ ಅಜ್ಜ ತೆಗೆದ ಫೋಟೊಗಳು. ಮೊದಲ ಎರಡು ಪುಟದಲ್ಲಿ ಎಲ್ಲವೂ ಸೊಟ್ಟ. ಮೂರನೆಯದರಿಂದ ಗೆರೆ ಎಳೆದ ಹಾಗೆ ನೇರ.

"ಚಾಚಾ, ದಾದಾ ಇದನ್ನ ಅಂಗಡೀಲಿ ಕೂತು ಅಂಟಿಸ್ತಿದ್ರು. ನಿಮ್ ಮಾತಿಗೆ ಮಷೀನು ಆಫ್ ಮಾಡ್ಕೋತಿದ್ರಂತೆ. ಆದ್ರೆ ನಿಮ್ ಕಾಲಿಗೆ ಸ್ವಿಚ್ಚಿಲ್ವಲ್ಲ, ಮೇಜು ಅಲ್ಲಾಡ್ತಿತ್ತಂತೆ. ಮೂರನೇ ಪುಟ ಅಂಟಿಸಿದ್ದು ನೀವು ಮಧುಗಿರಿಗೆ ಹೋದ್ಮೇಲೆ."

ಏನು, ಈ ಮೇಜೂ ಅಲ್ಲಾಡ್ತಿದೆಯಾ? ಎದ್ದೆ, ಎದ್ದೆ. ನನ್ನ ಟೀ ದುಡ್ಡು ನೀವೇ ಕೊಟ್ಟುಬುಡಿ ಸ್ವಾಮೀ. ಅರ್ಧ ನಿಮ್ಮ ಪ್ಯಾಂಟಿನ ಮೇಲೇ ಚೆಲ್ಲಿದೆ.