ಬೀಗರ ಮನೆಗೆ ಹೋಗಿ ಬಂದ ಸೀಬೆಹಣ್ಣು

ತುಮಕೂರಿನಲ್ಲಿ ಗೊಬ್ಬರ, ಔಷಧಿ ಮಾರುವ ಅಂಗಡಿ ನನ್ನದು. ಹಣ್ಣಿಗೆ ಬೂಷ್ಟು, ಚುಕ್ಕೆ ಬರದಂತೆ ಹೊಡೆಯುವ ಔಷಧಿ ಕೊಡುವಾಗ, ಅದರ ವಿಷ ಇಳಿಯುವವರೆಗೆ ಹಣ್ಣು ಕೀಳಬಾರದೆಂದು ಡಬ್ಬಿಯ ಮೇಲೆ ಮಾರ್ಕರಿನಲ್ಲಿ ತಾರೀಕು ಬರೆದೇ ಕೊಡುತ್ತೇನೆ. ಆ ತಾರೀಕನ್ನು ನಂಬಿದವರಿಗಿಂತ ಅದನ್ನು ನೋಡಿ ನಕ್ಕವರೇ ಹೆಚ್ಚು. ವಾರಕ್ಕೊಂದಾದರೂ ಇಂಥದ್ದು ನಡೆಯುತ್ತದೆ. ನಾನು ನುಂಗುವ ಬಿಪಿ ಮಾತ್ರೆಗೆ ಇವರೇ ಕಾರಣ.

೧. ಟೋಲ್‌ಗೇಟ್

ಗುಬ್ಬಿ ಕಡೆಯ ದಾಳಿಂಬೆ ಬೆಳೆಗಾರರೊಬ್ಬರು ಸೋಮವಾರ ಔಷಧಿ ಒಯ್ದರು. ಗುರುವಾರ ಸಿಕ್ಕಾಗ, "ಹಣ್ಣೆಲ್ಲ ಕಿತ್ತು ಲಾರಿಗೆ ಹಾಕ್ಬುಟ್ಟೆ ಕಣಣ್ಣ" ಅಂದರು.

"ಹೊಡೆದು ಮೂರೇ ದಿನ ಆಗಿರೋದು, ವಿಷ ಹಂಗೇ ಇರುತ್ತಲ್ರೀ!"

"ಬೆಂಗಳೂರು ಮುಟ್ಟೋ ಹೊತ್ಗೆ ಇಳ್ದೋಯ್ತದೆ ಬುಡಣ್ಣ."

"ಎಲ್ಲಿ ಇಳಿಯುತ್ತೆ? ಟೋಲ್‌ಗೇಟ್‌ನಲ್ಲಾ?" ಅಂತ ಕಿರುಚಿದೆ.

ಅವರು ನಿಜವಾಗಿಯೂ ಯೋಚಿಸಿದರು. "ನೆಲಮಂಗಲದ ಹತ್ರ ಇಳೀಬೌದು" ಅಂದರು.

೨. ಉಪ್ಪು ಖಾರ

ಬಸ್‌ಸ್ಟ್ಯಾಂಡಿನ ಹತ್ತಿರ ಒಂದು ತಳ್ಳುಗಾಡಿ. ಸೀಬೆಕಾಯಿಯ ಮೇಲೆ ಔಷಧಿಯ ಬಿಳಿ ಕಲೆ ಒಣಗಿ ಕೂತಿದೆ. ಗಾಡಿಯವನು ತೊಳೆಯದೆ ಹಾಗೇ ಸೀಳಿ ಸ್ಕೂಲ್ ಮಕ್ಕಳಿಗೆ ಕೊಡುತ್ತಿದ್ದ.

"ಅದು ವಿಷ ಕಣಯ್ಯ. ತೊಳೆದ್ರೆ ಪೂರ್ತಿ ಹೋಗಲ್ಲ, ಒಂದಿಷ್ಟಾದ್ರೂ ಹೋಗುತ್ತೆ" ಅಂದೆ.

"ಮೇಲೆ ಖಾರ ಹಾಕ್ತೀನಲ್ಲ ಸಾರ್, ಏನಿದ್ರೂ ಸತ್ತೋಗುತ್ತೆ."

ಬಾಯಿಗೆ ಬಂದಂತೆ ಬೈದೆ. ಅವನು ಸಮಾಧಾನವಾಗಿ ಕೇಳಿಸಿಕೊಂಡು, "ನಿಮಗೆ ಖಾರ ಜಾಸ್ತಿ ಹಾಕ್ಲಾ ಸಾರ್?" ಅಂದ.

೩. ಮರ್ಯಾದೆ

ಕುಣಿಗಲ್ ಕಡೆಯ ಸೀಬೆತೋಟದವನೊಬ್ಬ ಮಹಾ ಬುದ್ಧಿವಂತ. ಬೇಲಿ ಪಕ್ಕದ ಎರಡು ಗಿಡಕ್ಕೆ ಒಂದು ಹನಿ ಔಷಧಿಯನ್ನೂ ಸೋಕಿಸುವುದಿಲ್ಲ. "ಅದು ಮನೆಗೆ ಕಣಣ್ಣ, ಮಿಕ್ಕಿದ್ದು ಪ್ಯಾಟೆಯೋರ್ಗೆ" ಎಂದು ನನ್ನೆದುರೇ ಹೇಳುತ್ತಿದ್ದ. ನಾನೂ ಪೇಟೆಯವನೇ ಅನ್ನುವುದು ಅವನ ತಲೆಗೆ ಹೊಳೆಯಲೇ ಇಲ್ಲ.

ಒಂದು ಬೆಳಿಗ್ಗೆ ಅವನ ಫೋನು. ಹಿಂದಿನ ಸಂಜೆ ಹೆಬ್ಬೂರಿನ ಬೀಗರ ಮನೆಗೆ ಒಂದು ಚೀಲ ಹಣ್ಣು ಕಳಿಸಿದ್ದ. ಮನೆಗಿಡದ ಹಣ್ಣೆಲ್ಲ ಚುಕ್ಕೆ ಚುಕ್ಕೆ. ಬೀಗರ ಮುಂದೆ ಮರ್ಯಾದೆ ಹೋಗುತ್ತದೆಂದು ಔಷಧಿ ಹೊಡೆದ ಸಾಲಿನ ಚೆಂದದ ಹಣ್ಣು ಕಿತ್ತಿದ್ದ. ಬಸುರಿ ಮಗಳು ಇರುವುದೂ ಅದೇ ಮನೆಯಲ್ಲಿ ಅನ್ನುವುದು ಬೆಳಿಗ್ಗೆ ನೆನಪಾಗಿತ್ತು.

"ಡಬ್ಬಿ ಮೇಲಿನ ತಾರೀಕಿಗೆ ಇನ್ನೂ ಆರು ದಿನ ಅದೆ ಕಣಣ್ಣ! ಏನಾಯ್ತದಣ್ಣ?" ಅಂದ.

"ಇಷ್ಟು ವರ್ಷ ಅದನ್ನ ತಿಂದೋರೂ ಯಾರ ಮನೆ ಮಕ್ಕಳೋ ಕಣಯ್ಯ!" ಎಂದು ಕೂಗಾಡಿದೆ. "ಮೊದ್ಲು ಹೋಗಿ ಚೀಲ ತಗೊಂಡು ಬಾ. ತಿಂದಿದ್ರೆ ಮಗಳನ್ನ ಡಾಕ್ಟ್ರ ಹತ್ರ ಕರ್ಕೊಂಡೋಗು."

ಮಧ್ಯಾಹ್ನ ಅವನೇ ಅಂಗಡಿಗೆ ಬಂದ. ಮುಖ ಅರಳಿತ್ತು. ಬೀಗರೂ ತೋಟದವರೇ. ಚೀಲ ಬಿಚ್ಚಿ, ಒಂದು ಚುಕ್ಕೆಯೂ ಇಲ್ಲದ ಹಣ್ಣು ನೋಡಿದವರೇ, ಇದು ಮನೆಗಿಡದ್ದಲ್ಲ ಎಂದು ಹಾಗೇ ಕಟ್ಟಿಟ್ಟಿದ್ದರಂತೆ. ಮಗಳು ಒಂದು ಹಣ್ಣನ್ನೂ ಮುಟ್ಟಿರಲಿಲ್ಲ. ನನಗೂ ಹೋದ ಜೀವ ಬಂದಂತಾಯಿತು. ಇನ್ನಾದರೂ ಇವನಿಗೆ ಬುದ್ಧಿ ಬಂತಲ್ಲ ಎಂದುಕೊಂಡೆ.

"ನಿಮ್ಮ ಉಪಕಾರ ಮರೆಯಂಗಿಲ್ಲ ಕಣಣ್ಣ" ಎಂದು ಕಣ್ಣೊರೆಸಿಕೊಂಡು, ಅದೇ ಚೀಲವನ್ನು ನನ್ನ ಮೇಜಿನ ಮೇಲಿಟ್ಟ.

"ವಾಪಸ್ ತಂದಿವ್ನಿ. ನಿಮ್ಮ ಮೊಮ್ಮಕ್ಕಳಿಗೆ ಕೊಡಿ."