ಹುಬ್ಬಳ್ಳಿಗೆ ಆರೇ ನಿಮಿಷ

ಮನೆಯ ಇಂಟರ್ನೆಟ್ಟು ನಿಧಾನ ಎಂಬ ತಕರಾರು ಇದ್ದದ್ದು ನೀಲಾಂಬಿಕೆಗೆ. ಅವಳ ಗಂಡ ಉಮಾಕಾಂತನಿಗೆ ಅಂಥ ತಕರಾರು ಎಳ್ಳಷ್ಟೂ ಇರಲಿಲ್ಲ. ಕಳೆದ ಮೂರು ವಾರಗಳಿಂದ ಅವನ ಮಾನವನ್ನು ಕಾಪಾಡಿಕೊಂಡು ಬಂದದ್ದೇ ಆ ನಿಧಾನ.

ನಡೆದದ್ದಿಷ್ಟು. ಹುಬ್ಬಳ್ಳಿಯಲ್ಲಿ ಅವನ ಹೆಂಡತಿಯ ತಮ್ಮ ಸುನೀಲ ಹೊಸ ಮನೆ ಕಟ್ಟಿಸಿ ಗೃಹಪ್ರವೇಶ ಇಟ್ಟುಕೊಂಡಿದ್ದ. ನಾಗಪುರದಿಂದ ಸಪರಿವಾರ ಹೋದ ಉಮಾಕಾಂತ, 'ವಿಡಿಯೋದವನು ಯಾಕ, ನಾ ಇಲ್ಲೇನು?' ಎಂದು ತನ್ನ ಕ್ಯಾಮೆರಾ ಹೆಗಲಿಗೇರಿಸಿ ಎರಡು ದಿನ ಚಿತ್ರೀಕರಣ ಮಹಾಯಜ್ಞ ನಡೆಸಿದ. ಕ್ಯಾಮೆರಾಕ್ಕೆ ಒಂದು ದುರ್ಗುಣವಿದೆ: ಮುಂದೆ ನಿಂತವರ ಮಾತು ಅರ್ಧ ಕೇಳುತ್ತದೆ, ಹಿಂದೆ ನಿಂತವನದು ಪೂರ್ತಿ ಕೇಳುತ್ತದೆ. ಉಮಾಕಾಂತನಿಗೂ ಒಂದು ದುರ್ಗುಣವಿದೆ: ಯಾರೂ ಕೇಳುತ್ತಿಲ್ಲವೆಂದು ಅನಿಸಿದ ಕೂಡಲೇ ಬಾಯಿ ತಾನಾಗಿ ಗೊಣಗಲು ಶುರುಮಾಡುತ್ತದೆ. ಊರಿಗೆ ಮರಳಿ ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಕೇಳಿದಾಗ ಅವನಿಗೆ ಮೈಯೆಲ್ಲ ಬೆವರು. ಒಟ್ಟು ಹನ್ನೊಂದು ಕಡೆ ಅವನ ಅಮೃತವಾಣಿ ಸ್ಪಷ್ಟವಾಗಿ ಮುದ್ರಿತವಾಗಿತ್ತು. ಬಾಗಿಲಿನ ಬಣ್ಣದ ಮೇಲೆ ಒಂದು, ಐನಾರ ಮಂತ್ರದ ಓಟದ ಮೇಲೆ ಎರಡು, ಬೀಗರ ಹೊಟ್ಟೆಯ ಮೇಲೆ ಮೂರು. ಎಲ್ಲಕ್ಕಿಂತ ಘೋರವಾದದ್ದು ಊಟದ ಹೋಳಿಗೆಯ ಮೇಲಿನದು. ಅದು, ಮನೆಯ ಹೋಳಿಗೆಯನ್ನೆಲ್ಲ ತಾವೇ ಮಾಡುವ ಅತ್ತೆ ಯಲ್ಲಮ್ಮನವರ ಕಿವಿಗೆ ಬಿದ್ದರೆ ಮುಂದಿನ ದೀಪಾವಳಿಗೆ ಹುಬ್ಬಳ್ಳಿಯ ಹೊಸ್ತಿಲು ತುಳಿಯುವ ಹಾಗಿರಲಿಲ್ಲ.

ಧ್ವನಿಯನ್ನೇ ತೆಗೆದುಬಿಡೋಣವೆಂದರೆ ಮಂತ್ರ, ಸೋಬಾನೆ ಎಲ್ಲವೂ ಹೋಗುತ್ತವೆ. ಒಂದೊಂದನ್ನೇ ಹುಡುಕಿ ಕತ್ತರಿಸಬೇಕು. ಮೂರು ವಾರದಲ್ಲಿ ಅವನು ಕತ್ತರಿಸಿದ್ದು ಮೂರು. (ವಾರಕ್ಕೊಂದು. ಸರ್ಕಾರಿ ನೌಕರ.) ಉಳಿದ ಎಂಟರ ಸಲುವಾಗಿ ಲೈನು ನಿಧಾನವಾಗಿತ್ತು.

"ಏನಾತ್ರೀ ವಿಡಿಯೋ?" ಎಂದು ಶುಕ್ರವಾರ ನೀಲಾಂಬಿಕೆ ಮತ್ತೆ ಕೇಳಿದಳು.

"ಕಳಿಸಾಕ ಹಚ್ಚೀನಿ. ನಲವತ್ತು ಜಿಬಿ ಅಂದ್ರ ಸಣ್ಣ ಮಾತಲ್ಲ ನೀಲಾ. ಏಳೂವರೆ ತಾಸು ಬೇಕು. ನಡುವ ಕಟ್ ಆಗತೈತಿ."

"ಹೊಸಾ ಫೈಬರ್ ಯಾಕ ಹಾಕಿಸಿದ್ರಿ ಮತ್ತ? ಬಟ್ಟಿ ಒಣ ಹಾಕಾಕ?"

"ಅದರಾಗ ಟೆಕ್ನಿಕಲ್ ಭಾಳ ಇರತೈತಿ."

"ರವಿವಾರ ಹನ್ನೊಂದಕ್ಕ ನಮ್ಮ ಮಂದಿ ಎಲ್ಲಾ ಸುನೀಲನ ಮನ್ಯಾಗ ವಿಡಿಯೋ ನೋಡಾಕ ಕೂಡತಾರ. ಅಷ್ಟರಾಗ ಮುಟ್ಟಬೇಕು. ಇಪ್ಪತ್ತಾರು ವರ್ಷ ರೈಲ್ವೆ ಟೆಲಿಫೋನ್ ಖಾತ್ಯಾಗ ಮಣ್ಣ ಹೊತ್ರಿ? ನಿಮ್ಮ ಕೈಲೆ ಆಗಲಿಲ್ಲಂದ್ರ ಹೇಳ್ರಿ, ಎದುರು ಮನಿ ಶುಭಾನ ಗಂಡನ್ನ ಕರೀತೀನಿ. ಅವರು ಬ್ಯಾಂಕಿನ್ಯಾಗ ಇದ್ರೂ ಇದೆಲ್ಲಾ ಬರೋಬರ್ ಮಾಡ್ತಾರಂತ."

ಇದು ಮರ್ಮಕ್ಕೆ ತಾಗಿತು. ಬ್ಯಾಂಕಿನವನು ಬಂದು ತನ್ನ ಸರ್ವರ್ ಮುಟ್ಟುವುದೇ? ಮುಟ್ಟಿದರೆ ಆ ವಿಡಿಯೋವನ್ನೂ ತೆರೆದು ನೋಡುವುದಿಲ್ಲವೇ? ಲೈನನ್ನು ಸರಿಮಾಡಿ, ಉಳಿದ ಎಂಟನ್ನೂ ಕತ್ತರಿಸಿ, ರವಿವಾರ ಹನ್ನೊಂದರೊಳಗೆ ಕಳಿಸಿಯೇ ತೀರುವೆನೆಂದು ಉಮಾಕಾಂತ ಘೋಷಿಸಿದ. ನ್ಯಾಯವಾಗಿ ಮೊದಲು ಕತ್ತರಿ ಹಿಡಿಯಬೇಕಿತ್ತು. ಆದರೆ ಮನುಷ್ಯ ಮಾಡಬೇಕಾದ ಕೆಲಸವನ್ನು ಬಿಟ್ಟು ಬಲ್ಲ ಕೆಲಸವನ್ನೇ ಮೊದಲು ಹಿಡಿಯುತ್ತಾನೆ. ಅವನು ಹಿಡಿದದ್ದು ಲೈನನ್ನು.

ಹಾಲ್‌ನಲ್ಲಿದ್ದ ಟೀಪಾಯಿಯ ಕೆಳಗೆ ರೊಟ್ಟಿಡಬ್ಬಿಯಷ್ಟು ದೊಡ್ಡದೊಂದು ಕರಿ ಪೆಟ್ಟಿಗೆ ಇತ್ತು. ಅದೇ ಅವನ ಸರ್ವರ್. ಅಂಥದೇ ಇನ್ನೊಂದನ್ನು ಗೃಹಪ್ರವೇಶದ ಆಯೇರಿಯೆಂದು, ಉಡುಗೊರೆಯಾಗಿ, ಸುನೀಲನ ಮನೆಯಲ್ಲಿ ಕೂರಿಸಿ, ಟಿವಿಗೆ ಜೋಡಿಸಿ ಬಂದಿದ್ದ. ಇಲ್ಲಿಂದ ಕಳಿಸಿದ್ದು ಅಲ್ಲಿ ನೇರ ಟಿವಿಯ ಪರದೆಯ ಮೇಲೆ ಬರುವ ಏರ್ಪಾಡು.

"ಪಪ್ಪಾ, ಲೈನ್ ಫಾಸ್ಟ್ ಆಹೆ ನಾ? ಮಗ್, ಮತ್ತ ಫೈಲ್ ಯಾಕ ಸ್ಲೋ ಹೋಗತೈತಿ?" ಎಂದು ಮಗಳು ಧನಶ್ರೀ ಕೇಳಿದಳು. ಹುಟ್ಟಿದ್ದೂ ಓದಿದ್ದೂ ನಾಗಪುರದಲ್ಲೇ ಆದ ಅವಳ ಬಾಯಲ್ಲಿ ಕನ್ನಡ, ಮರಾಠಿ ಒಂದೇ ಗಾಡಿಯಲ್ಲಿ ಪ್ರಯಾಣ ಮಾಡುತ್ತವೆ.

"ಕಳಮನಾ ಮಾರ್ಕೆಟ್‌ನ್ಯಾಗ ನೋಡಿಯಿಲ್ಲ? ರಸ್ತಾ ಎಷ್ಟರ ಅಗಲ ಇರಲಿ, ಕಿತ್ತಳಿದು ಒಂದ್ ಗಾಡಿ ಬಿಟ್ಟು, ಅದು ಮುಟ್ಟಿತು ಅಂತ ಚೀಟಿ ಬರೂತನಕ ಎರಡನೇ ಗಾಡಿ ಬಿಡೂದಿಲ್ಲಂದ್ರ ಏನಾಗತೈತಿ? ರಸ್ತಾ ಖಾಲಿ ಬೀಳತೈತಿ. ನಮ್ಮ ಸರ್ವರ್ ಅದನ್ನ ಮಾಡಾಕ ಹತ್ತೇತಿ. ಚೀಟಿಗೆ ಕಾಯದ ಒಮ್ಮೆಲೆ ನೂರ ಗಾಡಿ ಬಿಡು ಅಂತ ಅದಕ್ಕ ಹೇಳಬೇಕು."

ಹೇಳುವ ಕೆಲಸಕ್ಕೆ ಶನಿವಾರ ಇಡೀ ಹಿಡಿಯಿತು. ಒಮ್ಮೆಗೆ ಎಷ್ಟು ಗಾಡಿ ಬಿಡಬೇಕೆಂಬ ಸರ್ವರಿನ ಹಳೆಯ ಅಂಕಿಗಳನ್ನೆಲ್ಲ ರೈಲ್ವೆ ಡೈರಿಯಲ್ಲಿ ಬರೆದುಕೊಂಡು, ಒಂದು ಸಲಕ್ಕೆ ಒಂದನ್ನೇ ಹಿಗ್ಗಿಸಿ, ಸಣ್ಣ ಫೈಲು ಕಳಿಸಿ ಪರೀಕ್ಷಿಸಿದ. ಸೆಕೆಂಡಿಗೆ ಒಂದೂವರೆ ಎಂಬಿ ಇದ್ದದ್ದು ಒಂಬತ್ತಾಯಿತು. ಆಮೇಲೆ ಅಲ್ಲೇ ನಿಂತಿತು. ಇಲ್ಲಿಂದಲೇ ಸುನೀಲನ ಪೆಟ್ಟಿಗೆಯೊಳಗೆ ಹೊಕ್ಕು ಅಲ್ಲಿನ ಅಂಕಿಗಳನ್ನೂ ಹಿಗ್ಗಿಸಿದ ಮೇಲೆ ನಲವತ್ತಕ್ಕೆ ಹಾರಿತು. (ಎರಡೂ ಕಡೆ ಹಿಗ್ಗಬೇಕು. ಒಂದೇ ಕಡೆ ಹಿಗ್ಗಿದರೆ ಸಂಸಾರದಲ್ಲಿ ಆಗುವುದೇ ಆಗುತ್ತದೆ, ಎಂದರೆ ಏನೂ ಆಗುವುದಿಲ್ಲ.)

ರವಿವಾರ ಬೆಳಿಗ್ಗೆ ಒಂಬತ್ತೂವರೆಗೆ ಒಂದು ತೊಡಕು ಎದುರಾಯಿತು. ಸಣ್ಣ ಫೈಲು ವೇಗ ಹಿಡಿಯುವ ಮೊದಲೇ ಮುಗಿದುಹೋಗುತ್ತಿತ್ತು. ಲೈನಿನ ನಿಜವಾದ ತಾಕತ್ತು ನೋಡಬೇಕಾದರೆ ದೊಡ್ಡ ಫೈಲೇ ಬೇಕು. ಮನೆಯಲ್ಲಿದ್ದ ದೊಡ್ಡ ಫೈಲು ಒಂದೇ. ಉಮಾಕಾಂತ ಹಳೆಯ ರೂಢಿಯಲ್ಲೇ ಲೆಕ್ಕ ಹಾಕಿದ. ನೂರಕ್ಕೆ ಐದರಷ್ಟು ಹೋಗಲು ಇಷ್ಟು ದಿನ ಇಪ್ಪತ್ತು ನಿಮಿಷ ಹಿಡಿಯುತ್ತಿತ್ತು. ಅಷ್ಟರಲ್ಲಿ ನಿಲ್ಲಿಸಿದರಾಯಿತು. ಅರ್ಧಮರ್ಧ ಹೋದ ಫೈಲನ್ನು ಅಲ್ಲಿ ಯಾರೂ ತೆರೆಯಲಾರರು. ಒತ್ತಿದ.

ಸೆಕೆಂಡಿಗೆ ನೂರಾ ಹನ್ನೆರಡು ಎಂಬಿ! ಉಮಾಕಾಂತನ ಕಣ್ಣಲ್ಲಿ ನೀರು ಬಂತು. ಇಪ್ಪತ್ತಾರು ವರ್ಷದ ಸೇವೆಯಲ್ಲಿ ಇಂಥ ಅಂಕಿಯನ್ನು ಅವನು ಕಂಡಿರಲಿಲ್ಲ. ಇದನ್ನು ಹೆಂಡತಿ ನೋಡದಿದ್ದರೆ ನೋಡಿದ್ದೇನು ಬಂತು?

"ನೀಲಾ! ಜಲ್ದಿ ಬಾ!"

"ತಡೀರಿ, ರೊಟ್ಟಿ ಹಂಚಿನ ಮ್ಯಾಲ ಐತಿ."

ಕಾಯಲಾರದೆ ತಾನೇ ಅಡುಗೆಮನೆಗೆ ಹೋಗಿ ಅವಳನ್ನು ಕರೆತಂದ. ಬಂದು ನೋಡಿದರೆ ಪರದೆಯ ಮೇಲೆ ನೂರಕ್ಕೆ ಅರವತ್ತೊಂದು ಹೋಗಿದೆ ಎಂದಿತ್ತು. ಅವನ ಕೈ ಮೌಸಿನ ಕಡೆ ಹೋಯಿತು.

"ಏನ್ ಮಾಡ್ತೀರಿ?" ನೀಲಾಂಬಿಕೆ ಹಿಟ್ಟಿನ ಕೈಯಿಂದಲೇ ಅವನ ಮಣಿಕಟ್ಟು ಹಿಡಿದಳು. "ಛಂದಾಗಿ ಹೊಂಟೈತಿ. ಈಗ ಮತ್ತ ಕಟ್ ಮಾಡ್ತೀರೇನು?"

"ಇಲ್ಲ, ಒಂದ್ ಸ್ವಲ್ಪ ಚೆಕ್ ಮಾಡಬೇಕಿತ್ತು..."

"ಹೋದ ಮ್ಯಾಲ ಮಾಡ್ರಿ."

ಯಾಕೆ ನಿಲ್ಲಿಸಬೇಕೆಂದು ಹೇಳಿದರೆ ಹನ್ನೊಂದನ್ನೂ ಹೇಳಬೇಕು. ಅಂಕಿ ಎಂಬತ್ತು ದಾಟಿತು, ತೊಂಬತ್ತು ದಾಟಿತು, ನೂರಕ್ಕೆ ಮುಟ್ಟಿತು. ಒಟ್ಟು ಆರು ನಿಮಿಷ.

"ಭಾಳ ಶ್ಯಾಣ್ಯಾ ಅದೀರಿ," ಎಂದಳು ನೀಲಾಂಬಿಕೆ. ಮದುವೆಯಾದಾಗಿನಿಂದ ಈ ಮಾತಿಗಾಗಿ ಕಾದಿದ್ದ ಉಮಾಕಾಂತನಿಗೆ ಅದನ್ನು ಅನುಭವಿಸುವ ಯೋಗ ಇರಲಿಲ್ಲ. ಅವಳು ಒಳಗೆ ಹೋದ ಕೂಡಲೇ ಹುಬ್ಬಳ್ಳಿಯ ಪೆಟ್ಟಿಗೆಯಿಂದ ಫೈಲನ್ನು ಅಳಿಸಿಬಿಡಬೇಕೆಂದು ಕಾದ. ಅವಳು ಒಳಗೆ ಹೋಗಲಿಲ್ಲ. ಅಲ್ಲೇ ಕುಳಿತು ತಮ್ಮನಿಗೆ ಫೋನ್ ಹಚ್ಚಿ, ಎಲ್ಲರೂ ಕೇಳಲೆಂದು ಸ್ಪೀಕರಿಗೆ ಹಾಕಿದಳು.

"ಬಂತಕ್ಕಾ, ಬಂತು! ಮಂದಿ ನಾಷ್ಟಾಕ್ಕ ಬಂದಾರ, ಹಚ್ಚೇಬಿಟ್ಟೇನಿ," ಎಂದ ಸುನೀಲ. "ಎಲ್ಲಾರೂ ಮೊದಲ ಊಟದ ಪಂಕ್ತಿ ತೋರ್ಸು ಅಂತಾರ."

ಮರುಕ್ಷಣವೇ ಉಮಾಕಾಂತ ತನ್ನದೇ ಧ್ವನಿ ಹುಬ್ಬಳ್ಳಿಗೆ ಹೋಗಿ ನಾಗಪುರದ ಮನೀಶ್ ನಗರದ ತನ್ನ ಮನೆಗೆ ವಾಪಸು ಬಂದದ್ದನ್ನು ಕೇಳಿದ. ಸ್ವಚ್ಛವಾಗಿ, ಒಂದಕ್ಷರ ಉದುರದಂತೆ ಬಂತು: "ಇದೇನ್ ಹೋಳಿಗೀನೋ, ಚಪ್ಲಿ ಅಟ್ಟೀನೋ? ಇದನ್ನ ತಿನ್ನಾಕ ಹಲ್ಲಲ್ಲ, ಗರಗಸ ಬೇಕು."

ಆ ಕಡೆ ಯಾರೋ ಟಿವಿ ನಿಲ್ಲಿಸಿದರು. ಆಮೇಲೆ ಯಲ್ಲಮ್ಮನವರ ಧ್ವನಿ ಫೋನಿನ ಹತ್ತಿರ ಬಂತು.

"ಅಳಿಯಂದ್ರ..."

"ಅತ್ತೀ, ತಪ್ಪಾತ್ರಿ, ಅದು ಹಂಗಲ್ರೀ..."

"ತಪ್ಪೇನ್ ಬಂತು, ಖರೇನ ಹೇಳೀರಿ. ಆವತ್ತು ನನ್ನ ಕೈ ಸುಟ್ಟಿತ್ತು, ನಾ ಒಲಿ ಕಡೆ ಹೋಗೇ ಇಲ್ಲ. ಹೋಳಿಗಿ ಮಾಡಿದ್ದು ನಮ್ಮ ನೀಲಾ. ಕಣಕ ಗಟ್ಟಿ ಆಗೇತಿ ಅಂತ ನಾನೂ ಹೇಳಿದ್ದೆ, ಅಕಿ ಕೇಳಲಿಲ್ಲ."

ಹುಬ್ಬಳ್ಳಿಯ ಇಡೀ ಮನೆ ಗೊಳ್ಳೆಂದು ನಕ್ಕಿತು. ನೀಲಾಂಬಿಕೆ ನಗಲಿಲ್ಲ. ಫೋನನ್ನು ಮೆಲ್ಲಗೆ ಕೆಳಗಿಟ್ಟು, ಎದ್ದು ಹೋಗಿ, ಗ್ಯಾಸ್ ಆರಿಸಿ ಬಂದಳು. ಬುಟ್ಟಿಯಲ್ಲಿ ಬಿದ್ದಿದ್ದು ಎರಡೇ ರೊಟ್ಟಿ; ಉಳಿದ ಹಿಟ್ಟು ಹಾಗೇ ಬಿಟ್ಟಳು. ಟಿವಿಯ ಮುಂದೆ ಕುರ್ಚಿ ಎಳೆದುಕೊಂಡು ಕುಳಿತಳು.

"ಇದು ನಮ್ಮ ಟಿವಿ ಮ್ಯಾಲೂ ಬರತೈತೇನ್ರಿ?"

"ಬರತೈತಿ... ಆದ್ರ ಲೈನ್ ಸ್ವಲ್ಪ..."

"ಪಪ್ಪಾ, ನಮ್ಮ ಮನ್ಯಾಗಂತೂ ಇನ್ನೂ ಫಾಸ್ಟ್ ಆಹೆ," ಎಂದಳು ಧನಶ್ರೀ.

"ಹಚ್ರಿ," ಎಂದಳು ನೀಲಾಂಬಿಕೆ. "ಮೊದಲಿಂದ. ಪೂರಾ ನೋಡತೀನಿ."

ಉಮಾಕಾಂತ ಹಚ್ಚಿದ. ಒಂದು ಸೆಕೆಂಡೂ ತಡವಾಗದೆ ಚಿತ್ರ ಬಂತು.